ಮೊದಲು ಪಂಜೆ, ಆಮೇಲೆ ಪೆನ್ನು

ತಂಗೀ,

ಮೊನ್ನೆ ರಾತ್ರಿ ಹತ್ತೂವರೆಗೆ ನಿನ್ನ ಫೋನು ಬಂದಾಗ ನಿನ್ನ ಅತ್ತೆ ಗಾಬರಿಬಿದ್ದು ಎದ್ದು ಕೂತಳು. ಹೊಸದಾಗಿ ಪಿಎಸ್‌ಐ ಆದವಳು ಆ ಹೊತ್ತಿಗೆ ಫೋನ್ ಮಾಡಿದರೆ ಏನೋ ಅನಾಹುತವೇ ಆಗಿರಬೇಕೆಂದು ಅವಳ ಲೆಕ್ಕ. ನೀನು ಕೇಳಿದ್ದು ಒಂದೇ ಮಾತು: "ಮಾವ, ಬೀಚಿನಲ್ಲಿ ಬಟ್ಟೆಯಿಲ್ಲದೆ ಮಲಗಿದವರಿಗೆ ಯಾವ ಸೆಕ್ಷನ್ ಹಾಕೋದು?" ಯಾರೋ ಗುಡ್ಡ ಹತ್ತಿ ಮೊಬೈಲಿನಲ್ಲಿ ವಿಡಿಯೋ ತೆಗೆದಿದ್ದಾರೆ, ಅದು ಮಧ್ಯಾಹ್ನದೊಳಗೆ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿದೆ, ಸಂಜೆ ಮುಖಂಡರ ಫೋನು, ರಾತ್ರಿ ಮೇಲಿನವರ ಫೋನು. "ಏನಾದರೂ ಆಕ್ಷನ್ ತಗೊಳ್ಳಮ್ಮ" ಅಂದರಂತೆ.

ನಾನು 296 ಅಂದೆ, ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಸೆಕ್ಷನ್ ನಂಬರು ಹೇಳುವುದಕ್ಕೆ ಮೂವತ್ತನಾಲ್ಕು ವರ್ಷ ಖಾಕಿ ಹಾಕಿದ ಮಾವ ಯಾಕೆ ಬೇಕು, ಠಾಣೆಯ ರೈಟರ್ ಸಾಕು. ಹೇಳಬೇಕಾಗಿದ್ದು ಬೇರೆ ಇತ್ತು. ಅದು ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಸೆಕ್ಷನ್ನನ್ನೇ ನೋಡು. ನಮ್ಮ ಕಾಲದಲ್ಲಿ ಐಪಿಸಿ 294. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296. ನಂಬರು ಬದಲಾಯಿತು, ದಂಡಕ್ಕೆ ಸಾವಿರ ರೂಪಾಯಿಯ ಮಿತಿ ಬಂತು, ಮೂರು ತಿಂಗಳ ಸಜೆ ಹಾಗೇ ಉಳಿಯಿತು. ನಮ್ಮ ಹುಡುಗರು ಅದರಲ್ಲಿ "ಅಶ್ಲೀಲ ಕೃತ್ಯ", "ಸಾರ್ವಜನಿಕ ಸ್ಥಳ" ಎಂಬ ಎರಡು ಮಾತು ಓದಿ ಪುಸ್ತಕ ಮುಚ್ಚುತ್ತಾರೆ. ಆ ಎರಡಕ್ಕೂ ಮೊದಲೇ ಇನ್ನೊಂದು ಮಾತಿದೆ: ಬೇರೆಯವರಿಗೆ ಕಿರಿಕಿರಿಯಾಗುವಂತೆ. ಇಡೀ ಕಲಮು ನೇತಾಡುವುದು ಆ ಗೂಟಕ್ಕೆ. ಬೆತ್ತಲೆ ಎಂಬ ಶಬ್ದ ಅದರಲ್ಲಿ ಎಲ್ಲೂ ಇಲ್ಲ. ಬಟ್ಟೆ ಎಷ್ಟಿರಬೇಕು, ಮೊಣಕಾಲಿನಿಂದ ಎಷ್ಟು ಮೇಲೆ, ಗಂಡಸಿಗೆಷ್ಟು ಹೆಂಗಸಿಗೆಷ್ಟು, ಊರಿನ ದಂಡೆಯಲ್ಲೋ ಗುಡ್ಡದಾಚೆಯ ದಂಡೆಯಲ್ಲೋ, ಯಾವುದನ್ನೂ ಹೇಳಿಲ್ಲ. ಹೇಳದೆ ಬಿಟ್ಟದ್ದನ್ನೆಲ್ಲ ಬೀಟಿನ ಪೇದೆ ತುಂಬಿಕೊಳ್ಳುತ್ತಾನೆ. ಅವನು ತುಂಬುವುದು ಅವತ್ತಿನ ಅವನ ಮನಸ್ಸಿನಂತೆ, ಎದುರಿಗೆ ನಿಂತವನ ಅಂತಸ್ತಿನಂತೆ.

ಅದು ಸಾಲದಿದ್ದರೆ ಕರ್ನಾಟಕ ಪೊಲೀಸ್ ಕಾಯ್ದೆಯ 92 ಇದ್ದೇ ಇದೆಯಲ್ಲ, ರಸ್ತೆಬದಿಯ ಸಣ್ಣಪುಟ್ಟ ತಪ್ಪುಗಳ ಉದ್ದನೆಯ ಪಟ್ಟಿ. "ಒಂದು ಪೆಟ್ಟಿ ಕೇಸು ಹಾಕಿ ಕಳಿಸು" ಅಂದರೆ ಮುಗಿಯಿತು. ತಿಂಗಳ ಕೊನೆಗೆ ಪೆಟ್ಟಿ ಕೇಸಿನ ಸಂಖ್ಯೆ ಕಡಿಮೆ ಬಿದ್ದಾಗ ದಂಡೆಯ ಕಡೆ ಜೀಪು ತಿರುಗುವುದನ್ನು ನೀನೂ ನೋಡುತ್ತೀ. ತಿಂಗಳ ಮೊದಲ ವಾರ ಕಣ್ಣಿಗೆ ಬೀಳದ ಬೆತ್ತಲೆ ಇಪ್ಪತ್ತೆಂಟನೇ ತಾರೀಕಿಗೆ ಹೇಗೆ ಬಿತ್ತು ಅಂತ ಯಾವ ಮ್ಯಾಜಿಸ್ಟ್ರೇಟರೂ ಕೇಳಿದ್ದು ನನಗೆ ನೆನಪಿಲ್ಲ.

ನಾನು ಮಾಡಿದ್ದನ್ನು ಹೇಳುತ್ತೇನೆ ಕೇಳು. ಇದು ನಿನ್ನ ಅಮ್ಮನಿಗೂ ಗೊತ್ತಿಲ್ಲ.

1991. ನಾನು ಪೇದೆಯಾಗಿ ಏಳನೇ ವರ್ಷ. ಠಾಣೆಯ ಹೆಸರು ಬೇಡ, ದಂಡೆಯ ಹೆಸರೂ ಬೇಡ. ಜಾತ್ರೆಗೆ ಹತ್ತು ದಿನವಿತ್ತು, ದಂಡೆ "ಕ್ಲೀನ್" ಮಾಡಬೇಕೆಂದು ಆರ್ಡರ್ ಬಂತು. ಬೆಳಗಿನ ಏಳು ಗಂಟೆಗೆ ಆರು ಜನ ಹೋದೆವು. ಗಾಳಿಮರದ ನೆರಳಲ್ಲಿ ಮೂವರು ವಿದೇಶಿಯರು, ಇಬ್ಬರು ಗಂಡಸರು ಒಬ್ಬ ಹೆಂಗಸು, ಮೈಮೇಲೆ ನೂಲೆಳೆ ಇಲ್ಲದೆ ಮಲಗಿದ್ದರು. ಅವರ ಜೊತೆ ನಮ್ಮ ಕಡೆಯದೇ ಒಬ್ಬ ಹುಡುಗ, ಕಾಲೇಜು ಬಿಟ್ಟವನಿರಬೇಕು, ಅವನೂ ಹಾಗೇ. ವಿದೇಶಿಯರಲ್ಲಿ ಎತ್ತರದವನು ಎದ್ದು ಟವೆಲ್ ಸುತ್ತಿಕೊಂಡು ಇಂಗ್ಲಿಷಿನಲ್ಲಿ ಏನೋ ನಿಧಾನವಾಗಿ ಹೇಳಿದ. ನಮ್ಮ ದಫೇದಾರರು "ಸಾರಿ ಸಾರ್, ವೇರ್ ಕ್ಲಾತ್ ಸಾರ್" ಅಂದರು. ಹುಡುಗನಿಗೆ ಎರಡು ಬಿತ್ತು, ಕಿವಿಯ ಮೇಲೆ. ಒದ್ದೆ ಚಡ್ಡಿ ಏರಿಸಿಕೊಂಡವನನ್ನು ಹಾಗೇ ಜೀಪಿಗೆ ಹತ್ತಿಸಿದರು. ನಾಲ್ಕೂ ಜನ ಮಾಡಿದ್ದು ಒಂದೇ ಕೆಲಸ. ವಿದೇಶಿಯರಿಗೆ ಸಾರಿ ಸಿಕ್ಕಿತು, ಅವನಿಗೆ ಪೆಟ್ಟಿ ಕೇಸು.

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಅಶ್ವತ್ಥಕಟ್ಟೆಯ ಹತ್ತಿರ ಆ ಊರಿಗೆಲ್ಲ ಗೊತ್ತಿದ್ದ ಒಬ್ಬ ಬುದ್ಧಿಭ್ರಮೆಯವನು ಎಂದಿನಂತೆ ಬರಿಮೈಯಲ್ಲಿ ಕೂತಿದ್ದ. ಎಷ್ಟೋ ತಿಂಗಳಿಂದ ಅಲ್ಲೇ ಕೂತಿದ್ದ, ಯಾರಿಗೂ ಏನೂ ಅನಿಸಿರಲಿಲ್ಲ. ಅವತ್ತು "ಕ್ಲೀನ್" ದಿನವಲ್ಲವೇ, ಜೀಪು ನಿಂತಿತು. ಇಳಿದವನು ನಾನು. ಲಾಠಿ ಎತ್ತಿದವನೂ ನಾನೇ. ಮೊಣಕಾಲಿನ ಮೇಲೆ ಒಂದೇ ಏಟು. ಅವನು ಅಳಲಿಲ್ಲ, ನನ್ನ ಬೂಟನ್ನೇ ನೋಡುತ್ತಾ ಕೂತ. ಮೀನು ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಅಮ್ಮ ಬುಟ್ಟಿಯನ್ನು ಕಟ್ಟೆಯ ಮೇಲಿಳಿಸಿ, ಬುಟ್ಟಿಗೆ ಮುಚ್ಚಿದ್ದ ಹಳೇ ಪಂಜೆ ಕೊಡವಿ, ಅವನ ತೊಡೆಯ ಮೇಲೆ ಹಾಕಿದಳು. ನನ್ನ ಕಡೆ ತಿರುಗಿಯೂ ನೋಡದೆ ಅಂದಳು: "ಹೊಡೂದೆಂತಕೆ ಅವ್ನಿಗೆ? ಒಂದು ಪಂಜೆ ಕೊಟ್ರೆ ಸಾಕಲ." ಬುಟ್ಟಿ ತೆರೆದೇ ಹೊತ್ತುಕೊಂಡು ಹೋದಳು, ಬಂಗಡೆಯ ಮೇಲೆ ನೊಣ ಮುತ್ತುತ್ತಿತ್ತು.

ಮುಖ ನೋಡಿ ಮಣೆ ಹಾಕುವುದು ಅಂತ ಗಾದೆ ಇದೆಯಲ್ಲ, ಅವತ್ತು ಬೆಳಿಗ್ಗೆ ಎರಡು ತಾಸಿನಲ್ಲಿ ನಾವು ಮೂರು ಥರದ ಮಣೆ ಹಾಕಿದ್ದೆವು. ಬಿಳಿ ಮೈಗೊಂದು, ಕರಿ ಮೈಗೊಂದು, ಕೇಳುವವರೇ ಇಲ್ಲದ ಮೈಗೊಂದು. ಕಾನೂನು ಪುಸ್ತಕ ಮಾತ್ರ ಒಂದೇ ಇತ್ತು.

ಮುಂದಿನ ಬಾರಿ ಅಂಥವನೊಬ್ಬ ನಿನ್ನ ಕಣ್ಣಿಗೆ ಬಿದ್ದರೆ, ಅದು 296ರ ಕೆಲಸವಲ್ಲ ಎಂಬುದು ನೆನಪಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು, 24 ತಾಸಿನೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಠಾಣೆಯ ಕರ್ತವ್ಯ. ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ. ನನ್ನ ಕಾಲದಲ್ಲಿ ಈ ಕಲಮು ಇರಲಿಲ್ಲ ಅಂತ ನೆಪ ಹೇಳಬಹುದಿತ್ತು. ಮೀನು ಮಾರುವ ಅಮ್ಮನಿಗೆ ಕಲಮು ಬೇಕಾಗಿರಲಿಲ್ಲ.

ಈಗ ನಿನ್ನ ಗುಡ್ಡದ ಮೇಲಿನ ವಿಡಿಯೋದವನ ವಿಷಯ. ಕಿರಿಕಿರಿ ಯಾರಿಗಾಯಿತು ಎಂಬುದು ಪ್ರಶ್ನೆಯಾದರೆ, ಅವನನ್ನು ಠಾಣೆಗೆ ಕರೆದು ಹೇಳಿಕೆ ಕೇಳು. ಕಾಲು ತಾಸು ಗುಡ್ಡ ಹತ್ತಿ, ಝೂಮ್ ಮಾಡಿ ಕಂಡುಕೊಂಡ ಕಿರಿಕಿರಿ ಎಂಥದ್ದು ಅಂತ ಅವನೇ ಹೇಳಲಿ. ನೂರಕ್ಕೆ ತೊಂಬತ್ತು ಪಾಲು ಅವನು ಬರುವುದಿಲ್ಲ. ಬಂದರೆ ಇನ್ನೊಂದು ಲೆಕ್ಕ ತೋರಿಸು. ವಿಡಿಯೋದಲ್ಲಿರುವ ಹೆಂಗಸು ಮಲಗಿದ್ದು ಅಶ್ಲೀಲವೇ ಆಗಿದ್ದರೆ ಅವಳಿಗೆ ಹೆಚ್ಚೆಂದರೆ ಮೂರು ತಿಂಗಳು. ಅಶ್ಲೀಲವಾದದ್ದನ್ನು ಮೊಬೈಲಿನಲ್ಲಿ ಹಂಚಿದವನಿಗೆ ಐಟಿ ಕಾಯ್ದೆಯ 67ರಲ್ಲಿ ಮೊದಲ ಸಲಕ್ಕೇ ಮೂರು ವರ್ಷದವರೆಗೆ, ಐದು ಲಕ್ಷದವರೆಗೆ ದಂಡ. ಅವಳದ್ದು ಅಶ್ಲೀಲವಲ್ಲ ಅನ್ನುವುದಾದರೆ ದೂರೇ ಇಲ್ಲ. ಎರಡರಲ್ಲಿ ಯಾವುದು ಬೇಕು ಅಂತ ಕೇಳು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಮ್ಮ ಠಾಣೆಗಳಲ್ಲಿ ಮಲಗಿದ್ದವಳ ಮೇಲೆ ಕೇಸಾಗಿದ್ದು ನೋಡಿದ್ದೇನೆ, ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದವರ ಮೇಲೆ ಆದದ್ದು ಬಹಳ ಕಡಿಮೆ. ಶನಿವಾರ ಭಾನುವಾರ ಟೆಂಪೋ ಮಾಡಿಕೊಂಡು ಅದಕ್ಕೆಂದೇ ಬರುವವರಿದ್ದರು! ನೀನು ಟ್ರೇನಿಂಗಿನಲ್ಲಿ ಓದಿದ ನ್ಯಾಯ ಸಂಹಿತೆಯ 77, ಕದ್ದು ನೋಡುವುದರ ಕಲಮು, ತೆರೆದ ದಂಡೆಗೆ ಸುಲಭಕ್ಕೆ ಹೊಂದುವುದಿಲ್ಲ, ಅದು ಖಾಸಗಿ ಜಾಗದ ಮಾತು. ಹತ್ತಿರ ಹೋಗಿ ಸಿಳ್ಳೆ ಹೊಡೆದ, ಹೊಲಸು ಮಾತಾಡಿದ ಅಂದರೆ 79 ಹೊಂದುತ್ತದೆ. ಅದನ್ನು ಹಾಕಲು ಹಿಂಜರಿಯಬೇಡ.

ಕೋರ್ಟು ಏನು ಹೇಳೀತು ಎಂಬ ಅಂಜಿಕೆ ನಿನಗಿರಬಹುದು. ಇಂಗ್ಲೆಂಡಿನ 1868ರ ಹಿಕ್ಲಿನ್ ಎಂಬ ತೀರ್ಪಿನ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ಒಪ್ಪಿಕೊಂಡಿತ್ತು. ಕೆಡುವ ಮನಸ್ಸಿನವನು ಕೆಡಬಹುದೇ ಎಂಬುದು ಅದರ ಪ್ರಶ್ನೆ. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಅದೇ ಕೋರ್ಟು ಆ ಕೋಲನ್ನು ಮೂಲೆಗಿಟ್ಟಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವೀ ಪತ್ನಿಯ ಜೊತೆ ಬಟ್ಟೆಯಿಲ್ಲದೆ ತೆಗೆಸಿಕೊಂಡ ಚಿತ್ರವನ್ನು ಕಲ್ಕತ್ತೆಯ ಪತ್ರಿಕೆಗಳು 1993ರಲ್ಲಿ ಮರುಮುದ್ರಿಸಿದ್ದವು, ಬಣ್ಣಭೇದದ ವಿರುದ್ಧ ತೆಗೆಸಿಕೊಂಡ ಚಿತ್ರ. ಕಾಲದ, ಸಮಾಜದ ಈಗಿನ ದೃಷ್ಟಿಯಿಂದ, ಸಂದರ್ಭ ನೋಡಿ ತೀರ್ಮಾನಿಸಬೇಕು, ಬರೀ ನಗ್ನತೆ ಅಶ್ಲೀಲವಾಗುವುದಿಲ್ಲ ಅಂದಿತು ಕೋರ್ಟು. ಇಪ್ಪತ್ತು ವರ್ಷ ಹಿಡಿಯಿತು, ಅಷ್ಟೇ. 2023ರಲ್ಲಿ ಕೇರಳ ಹೈಕೋರ್ಟೂ ನಗ್ನತೆಯನ್ನೂ ಅಶ್ಲೀಲವನ್ನೂ ಒಂದೇ ಎಂದು ತಿಳಿಯಬಾರದು ಅಂತ ಬರೆದಿದೆ. ಬಿಡುವಿದ್ದಾಗ ಎರಡನ್ನೂ ಓದಿಕೋ.

ಕೋರ್ಟು ಬಿಟ್ಟುಬಿಡುತ್ತದೆ ಎನ್ನುವುದು ಆರೋಪಿಗೆ ದೊಡ್ಡ ಸಮಾಧಾನವೇನಲ್ಲ, ಇದನ್ನೂ ಗಮನಿಸು. 1995ರಲ್ಲಿ ರೂಪದರ್ಶಿಗಳಾದ ಮಿಲಿಂದ್ ಸೋಮನ್, ಮಧು ಸಪ್ರೆ ಇಬ್ಬರೂ ಬೂಟಿನ ಜಾಹೀರಾತೊಂದಕ್ಕೆ ಬರಿಮೈಗೆ ಹೆಬ್ಬಾವು ಸುತ್ತಿಕೊಂಡು ನಿಂತಿದ್ದರಲ್ಲ, ಆ ಕೇಸು ಮುಗಿದದ್ದು 2009ರಲ್ಲಿ, ಖುಲಾಸೆಯಾಗಿ. ಹದಿನಾಲ್ಕು ವರ್ಷ! ರಾಮನ ವನವಾಸದ ಲೆಕ್ಕ. ಅದೇ ಸೋಮನ್ 2020ರ ನವೆಂಬರಿನಲ್ಲಿ, ಐವತ್ತೈದು ತುಂಬಿದ ದಿನ, ಗೋವಾದ ದಂಡೆಯಲ್ಲಿ ಬೆತ್ತಲೆ ಓಡಿದ ಚಿತ್ರ ಹಾಕಿದರು. ಅದೇ ವಾರ ನಮ್ಮ ಕಾರವಾರದ ಪಕ್ಕದ ಕಾಣಕೋಣದ ಚಾಪೋಲಿ ಅಣೆಕಟ್ಟಿನಲ್ಲಿ ನಟಿ ಪೂನಂ ಪಾಂಡೆ ತೆಗೆಸಿಕೊಂಡ ವಿಡಿಯೋ ಅಶ್ಲೀಲವೆಂದು ಗದ್ದಲವಾಯಿತು. ಆಕೆಯನ್ನು ಪೊಲೀಸರು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು, ಅಲ್ಲಿನ ಇನ್ಸ್‌ಪೆಕ್ಟರು ಸಸ್ಪೆಂಡ್ ಆದರು. ಸೋಮನ್ ಮೇಲೂ ಕೇಸು ದಾಖಲಾಯಿತು, ಆದರೆ ಬಂಧನದ ಗಡಿಬಿಡಿ ಕಾಣಲಿಲ್ಲ. ಗಂಡಸು ಓಡಿದರೆ ಆರೋಗ್ಯ, ಹೆಂಗಸು ನಿಂತರೆ ಅಶ್ಲೀಲವೇ ಅಂತ ಆಗ ಜನ ಕೇಳಿದರು. ಎರಡೂ ಒಂದೇ ಅಲ್ಲ ಅನ್ನುವವರೂ ಇದ್ದರು. ನಾನು ಯಾರ ಪರವಾಗಿಯೂ ವಾದ ಮಾಡುತ್ತಿಲ್ಲ. ಒಂದೇ ಜಿಲ್ಲೆ, ಒಂದೇ ವಾರ, ಒಂದೇ ಕಲಮು, ನಡೆದದ್ದು ಎರಡು ಥರ. ಜನ ಕಾನೂನನ್ನು ಅಳೆಯುವುದು ಇಂಥದ್ದನ್ನು ನೋಡಿಯೇ.

ನಮ್ಮ ನೆಲದಲ್ಲಿ ಈ ಬಟ್ಟೆಯ ಲೆಕ್ಕ ಎಂದೂ ನೇರ ಇರಲಿಲ್ಲ, ತಂಗೀ. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳು ಹಾದಿಯಲ್ಲಿ ನಡೆದು ಬಂದರೆ ನಾವೇ ಬಂದೋಬಸ್ತ್ ಕೊಟ್ಟು ಕೈಮುಗಿಯುತ್ತೇವೆ. ಅಲ್ಲಿ 296 ಯಾರ ತಲೆಗೂ ಬರುವುದಿಲ್ಲ, ಬರಲೂಬಾರದು. ನೋಡುವವರಿಗೆ ಅಲ್ಲಿ ಕಾಣುವುದು ತ್ಯಾಗ. ಯೆಂಡಿ ಬಲೆ ಎಳೆಯುವ ನಮ್ಮ ಅಂಬಿಗರು, ಹರಿಕಂತ್ರರು ಮೊಣಕಾಲು ನೀರಲ್ಲಿ ಲಂಗೋಟಿಯೊಂದರಲ್ಲೇ ದಿನ ಕಳೆದವರು. ಹಾಲಕ್ಕಿ ಅಜ್ಜಿಯಂದಿರು ರವಿಕೆ ತೊಟ್ಟವರಲ್ಲ, ಕೊರಳಿಂದ ಎದೆಯವರೆಗೆ ಮಣಿಸರಗಳ ರಾಶಿ, ಅದರ ಮೇಲೆ ಅವರದೇ ರೀತಿಯ ಸೀರೆ. 2021ರ ನವೆಂಬರಿನಲ್ಲಿ ತುಳಸಿ ಗೌಡರು ಆ ಉಡುಗೆಯಲ್ಲೇ, ಬರಿಗಾಲಲ್ಲಿ, ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡಾಗ ಇಡೀ ದೇಶ ಎದ್ದು ನಿಂತಂತೆ ನನಗನಿಸಿತ್ತು. ನಾನು ಸಣ್ಣವನಿದ್ದಾಗ ಇದೇ ಉಡುಗೆಯ ಅಜ್ಜಿಯರನ್ನು ಪೇಟೆಯ ಜನ ಬಸ್ಸಿನಲ್ಲಿ ಕಿಸಕ್ಕೆಂದು ನಕ್ಕು ನೋಡುತ್ತಿದ್ದರು. ಉಡುಗೆ ಬದಲಾಗಲಿಲ್ಲ.

ಗೋಕರ್ಣದ ಕಡೆ ನಿನಗೆ ಡ್ಯೂಟಿ ಬಿದ್ದರೆ ಇನ್ನೊಂದು ನೋಡುತ್ತೀ. ದೇವಸ್ಥಾನದ ಮುಂದಿನ ದಂಡೆಯಲ್ಲಿ ಯಾತ್ರಿಕರು ಒಂದೇ ಒಂದು ತೆಳು ವಸ್ತ್ರದಲ್ಲಿ ಮುಳುಗಿ ಏಳುತ್ತಾರೆ. ಒದ್ದೆ ವಸ್ತ್ರ ಏನನ್ನೂ ಮುಚ್ಚುವುದಿಲ್ಲ. ಯಾರೂ ತಲೆ ಎತ್ತುವುದಿಲ್ಲ, ಅದು ಸ್ನಾನ. ಗುಡ್ಡದಾಚೆ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ದಂಡೆಗಳಲ್ಲಿ ಅದಕ್ಕಿಂತ ಹೆಚ್ಚು ಬಟ್ಟೆ ತೊಟ್ಟವರ ಮೇಲೆ ದೂರು ಬರುತ್ತದೆ. ಹಾಗಂತ ದೂರೆಲ್ಲ ಸುಳ್ಳು ಅಂತಲ್ಲ. ಪಿತೃಕಾರ್ಯ ಮುಗಿಸಿ ನೀರಿಗಿಳಿಯುವ ಕುಟುಂಬದ ಎದುರಿಗೆ ಯಾರೋ ಮೈಬಿಟ್ಟು ಕೂತರೆ ಅದು ನಿಜವಾದ ಕಿರಿಕಿರಿಯೇ. ಬಂದವರೂ ಊರನ್ನು ನೋಡಿ ನಡೆಯಬೇಕು, ಅದನ್ನು ಮುಲಾಜಿಲ್ಲದೆ ಹೇಳು. ಜಾಗ, ಹೊತ್ತು, ಎದುರಿಗಿದ್ದವರು ಯಾರು, ಈ ಮೂರನ್ನೂ ಮೊದಲು ಬರೆದುಕೊಂಡು ಆಮೇಲೆ ಸೆಕ್ಷನ್ ಹುಡುಕು.

ಚಂದ್ರಗುತ್ತಿಯ ಹೆಸರು ನಿನ್ನ ವಯಸ್ಸಿನವರು ಕೇಳಿದ್ದೀರೋ ಇಲ್ಲವೋ. ಸೊರಬ ತಾಲೂಕು, ರೇಣುಕಾಂಬೆಯ ಗುಡಿ, ಬೆತ್ತಲೆ ಸೇವೆ. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ತಿರುಗಿಬಿದ್ದು, ಪೊಲೀಸರ, ಮಹಿಳಾ ಪೊಲೀಸರ ಬಟ್ಟೆಯನ್ನೇ ಕಿತ್ತರು. ನಾನಾಗ ಎರಡು ವರ್ಷದ ಪೇದೆ. ಆ ಸುದ್ದಿ ಠಾಣೆಗೆ ಬಂದಾಗ ಯಾರೂ ಯಾರ ಮುಖ ನೋಡಲಿಲ್ಲ. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು, ಸರಿಯಾಗಿಯೇ ಮಾಡಿತು. ಹರಕೆಯ ಹೆಸರಲ್ಲಿ ಬಡ, ದಲಿತ ಹೆಣ್ಣುಮಕ್ಕಳ ಬಟ್ಟೆ ಬಿಚ್ಚಿಸುವುದು ಅವರ ಆಯ್ಕೆ ಅಂತ ನಾನು ಒಪ್ಪುವುದಿಲ್ಲ. ದಂಡೆಯಲ್ಲಿ ಮಲಗಿದವಳನ್ನೂ ಅವರನ್ನೂ ಒಂದೇ ಕಲಮಿನಲ್ಲಿ ಕಟ್ಟುವ ಪೊಲೀಸನಿಗೆ ಎರಡೂ ಅರ್ಥವಾಗಿಲ್ಲ.

ಈಗ ದೂರದೂರಿನ ಕತೆ. ರಿಟೈರ್ ಆದ ಮರುವರ್ಷ, 2019ರಲ್ಲಿ, ಮಗಳ ಮನೆಗೆ ಸ್ಯಾನ್ ಡಿಯೆಗೋಗೆ ಹೋಗಿದ್ದೆವಲ್ಲ. ಒಂದು ಭಾನುವಾರ ಅಳಿಯ ನಮ್ಮನ್ನು ಟೋರಿ ಪೈನ್ಸ್ ಎಂಬ ಕಡಲಂಚಿನ ಕಡಿದಾದ ಗುಡ್ಡದ ಮೇಲೆ ಕರೆದುಕೊಂಡು ಹೋದ. ಮುನ್ನೂರು ಅಡಿ ಎತ್ತರ, ಅಂಚಿನಿಂದ ಜನ ಪ್ಯಾರಾಗ್ಲೈಡರ್ ಕಟ್ಟಿಕೊಂಡು ಹದ್ದಿನಂತೆ ಹಾರುತ್ತಿದ್ದರು. ನಾನು ಮಂಕಿ ಕ್ಯಾಪು ಹಾಕಿಕೊಂಡು ಕೆಳಗೆ ಬಗ್ಗಿ ನೋಡಿದೆ. ದಂಡೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಜನ, ಅರ್ಧಕ್ಕರ್ಧ ಬರಿಮೈ. ಅಳಿಯ ಪಾಪ ಕೆಂಪಾಗಿ, "ಮಾವ, ಮೇಲೆ ನೋಡಿ, ಎಷ್ಟು ಚೆನ್ನಾಗಿ ಹಾರ್ತಿದ್ದಾರೆ" ಅಂದ. ನಿನ್ನ ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟು ಚಳಿಗೆ ಇವ್ರಿಗೆ ಏನೂ ಆಗೂದಿಲ್ವ?" ಅಂದಳು.

ಅದೇ ಬ್ಲ್ಯಾಕ್ಸ್ ಬೀಚು. ಪೊಲೀಸ್ ಬುದ್ಧಿ ಬಿಡುತ್ತದೆಯೇ, ಅದರ ಕಾನೂನೇನು ಅಂತ ಮಗಳ ಕಂಪ್ಯೂಟರಿನಲ್ಲಿ ವಾರಗಟ್ಟಲೆ ಓದಿದೆ. ದಂಡೆಯ ದಕ್ಷಿಣದ ತುಂಡು ಸ್ಯಾನ್ ಡಿಯೆಗೋ ನಗರದ್ದು, ಉತ್ತರದ ತುಂಡು ರಾಜ್ಯದ ಪಾರ್ಕಿನದ್ದು. ನಗರದವರು 1974ರಲ್ಲಿ ತಮ್ಮ ಭಾಗದಲ್ಲಿ ಬೆತ್ತಲೆ ಸ್ನಾನಕ್ಕೆ ಒಪ್ಪಿಗೆ ಕೊಟ್ಟರು, 1977ರಲ್ಲಿ ಊರಿನವರು ಮತ ಹಾಕಿ ಅದನ್ನು ತೆಗೆದರು. ರಾಜ್ಯದ ಪಾರ್ಕಿನ ನಿಯಮದಲ್ಲೂ ಬೆತ್ತಲೆ ನಿಷಿದ್ಧವೇ. ಆದರೆ 1979ರಲ್ಲಿ ಪಾರ್ಕುಗಳ ನಿರ್ದೇಶಕ ರಸೆಲ್ ಕಾಹಿಲ್ ಎಂಬವರು ಒಂದು ಮೆಮೋ ಬರೆದರು. ಸಾರ್ವಜನಿಕರು ಯಾರಾದರೂ ದೂರು ಕೊಟ್ಟರೆ ಮಾತ್ರ ರೇಂಜರ್ ಹೋಗಬೇಕು. ಹೋದ ಮೇಲೂ ಮೊದಲು ಬಟ್ಟೆ ಹಾಕಿಕೊಳ್ಳಿ ಅಂತ ಹೇಳಬೇಕು. ಅವತ್ತಿಗೆ ಹಾಕಿಕೊಂಡರೆ ಮುಗಿಯಿತು, ಒಪ್ಪದಿದ್ದರೆ ಮಾತ್ರ ಚೀಟಿ. ಹೀಗಾಗಿ ಅದೇ ಹೊಯ್ಗೆಯಲ್ಲಿ ಹತ್ತು ಹೆಜ್ಜೆ ಆಚೆ ಹೋದರೆ ದಂಡ ಬೀಳಬಹುದು, ಈಚೆ ಬಂದರೆ ಯಾರೂ ಮಾತಾಡಿಸುವುದಿಲ್ಲ. ಅಲೆಗೆ ಆ ಗಡಿ ಗೊತ್ತಿಲ್ಲ, ಮಲಗಿದವರಿಗೂ ಅಷ್ಟಾಗಿ ಗೊತ್ತಿದ್ದಂತೆ ಕಾಣಲಿಲ್ಲ.

ಮೆಮೋದ ಹಿಂದೆ ಒಂದು ತೀರ್ಪೂ ಇತ್ತು. 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ನಿರ್ಜನ ದಂಡೆಯಲ್ಲಿ ಒಬ್ಬ ಬಟ್ಟೆ ತೆಗೆದು, ಟವೆಲ್ ಹಾಸಿ, ಮಲಗಿ ನಿದ್ದೆಹೋದ. ಏಳುವಷ್ಟರಲ್ಲಿ ದಂಡೆಗೆ ಬೇರೆಯವರೂ ಬಂದಿದ್ದರು, ಪೊಲೀಸರೂ ಬಂದಿದ್ದರು. ಶಿಕ್ಷೆಯಾದರೆ ಬಾಳಿಡೀ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1972ರಲ್ಲಿ ಅವನನ್ನು ಬಿಟ್ಟಿತು: ಮಲಗಿದ್ದಷ್ಟಕ್ಕೆ ಕಾಮುಕತನವಾಗುವುದಿಲ್ಲ, ತನ್ನ ಗುಪ್ತಾಂಗದ ಕಡೆ ಬೇರೆಯವರ ಗಮನ ಸೆಳೆಯುವ ಉದ್ದೇಶ ಇರಬೇಕು ಅಂತ. ನಿದ್ದೆ ಮಾಡುವವನು ಯಾರ ಗಮನ ಸೆಳೆದಾನು?

ಕಾಹಿಲ್ ಮೆಮೋ ನನಗೆ ಹಿಡಿಸಿದ್ದು ಅದು ಬರವಣಿಗೆಯಲ್ಲಿತ್ತು ಎಂಬ ಕಾರಣಕ್ಕೆ. ಎಲ್ಲ ಠಾಣೆಯವರೂ ಮಾಡುವುದು ಅದನ್ನೇ ತಾನೇ? ಕೆಲವರನ್ನು ಬಿಡುತ್ತೇವೆ, ಕೆಲವರನ್ನು ಹಿಡಿಯುತ್ತೇವೆ. ಯಾವಾಗ ಬಿಡುತ್ತೇವೆ, ಯಾವಾಗ ಹಿಡಿಯುತ್ತೇವೆ ಅಂತ ಕಾಗದದ ಮೇಲಿಟ್ಟು ಸಹಿ ಹಾಕುವ ಧೈರ್ಯ ನಾನು ನಮ್ಮಲ್ಲಿ ಯಾರಲ್ಲೂ ಕಾಣಲಿಲ್ಲ. ಹಾಗೆಂದು ಆ ಮೆಮೋ ಬ್ರಹ್ಮಲಿಪಿಯೂ ಆಗಿರಲಿಲ್ಲ. ಅದೇ ಜಿಲ್ಲೆಯ ಸ್ಯಾನ್ ಒನೋಫ್ರೆ ದಂಡೆಯಲ್ಲಿ ಅದನ್ನು ಇನ್ನು ಅನುಸರಿಸುವುದಿಲ್ಲ ಅಂತ ಇಲಾಖೆ 2008ರಲ್ಲಿ ಹೇಳಿತು, 2009ರಲ್ಲಿ ಮೇಲ್ಮನವಿ ಕೋರ್ಟು ಇಲಾಖೆಗೆ ಆ ಅಧಿಕಾರ ಇದೆ ಅಂತ ಒಪ್ಪಿತು. ಮೂವತ್ತು ವರ್ಷ ಬಿಟ್ಟದ್ದನ್ನು ಒಂದು ದಿನ ಹಿಡಿದರು. ದೂರು ಬಂದರೆ ಮಾತ್ರ ಎನ್ನುವುದರಲ್ಲೂ ಒಂದು ಮುಳ್ಳಿದೆ. ದಿನಾ ದೂರು ಕೊಡುವುದನ್ನೇ ಕಸುಬು ಮಾಡಿಕೊಂಡವನೊಬ್ಬ ಊರಿಗೊಬ್ಬ ಇದ್ದೇ ಇರುತ್ತಾನೆ. ನಿನ್ನ ಊರಿನವನ ಪರಿಚಯ ನಿನಗೆ ಈಗಾಗಲೇ ಆಗಿರಬೇಕು.

ಇನ್ನು ಬಟ್ಟೆ ಅಳೆಯುವ ಹುಚ್ಚು. 1922ರಲ್ಲಿ ವಾಷಿಂಗ್ಟನ್ನಿನ ಸ್ನಾನದ ದಂಡೆಯಲ್ಲಿ ಈಜುಡುಗೆ ಮೊಣಕಾಲಿನಿಂದ ಆರಿಂಚಿಗಿಂತ ಮೇಲಿದೆಯೇ ಅಂತ ಟೇಪು ಹಿಡಿದು ಹುಡುಗಿಯರ ತೊಡೆ ಅಳೆಯುವ ಅಧಿಕಾರಿಯ ಫೋಟೋ ಇದೆ, ಸಿಕ್ಕರೆ ನೋಡು, ಅಳೆಯುವವನ ಮುಖ ನೋಡು. ಫ್ರಾನ್ಸಿನಲ್ಲಿ 2016ರ ಆಗಸ್ಟಿನಲ್ಲಿ ಕೆಲವು ಮೇಯರುಗಳು ಮೈ ಪೂರ್ತಿ ಮುಚ್ಚುವ ಬುರ್ಕಿನಿಯನ್ನು ದಂಡೆಯಲ್ಲಿ ನಿಷೇಧಿಸಿದರು. ನೀಸ್‌ನಲ್ಲಿ ಪಿಸ್ತೂಲು ಕಟ್ಟಿದ ಪೊಲೀಸರು ಸುತ್ತ ನಿಂತಿರುವಾಗ ಒಬ್ಬ ಹೆಂಗಸು ಉದ್ದ ತೋಳಿನ ಅಂಗಿ ತೆಗೆಯುವ ಚಿತ್ರ ಜಗತ್ತೆಲ್ಲ ಹರಡಿತು. ತಿಂಗಳ ಕೊನೆಗೆ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್ನೆವ್-ಲೂಬೆ ಊರಿನ ಆದೇಶವನ್ನು ತಡೆಹಿಡಿಯಿತು. ನಾಲ್ಕೇ ವರ್ಷದ ಮೇಲೆ, 2020ರ ಆಗಸ್ಟಿನಲ್ಲಿ, ಅದೇ ಫ್ರಾನ್ಸಿನ ಸೇಂಟ್-ಮರೀ-ಲ-ಮೇರ್ ದಂಡೆಯಲ್ಲಿ ಎದೆ ಮುಚ್ಚದೆ ಮಲಗಿದ್ದ ಹೆಂಗಸರಿಗೆ ಮುಚ್ಚಿಕೊಳ್ಳಿ ಅಂದರು ಪೊಲೀಸರು. ಗದ್ದಲವಾಗಿ ಗೃಹಮಂತ್ರಿಯೇ ಹೆಂಗಸರ ಪರ ಮಾತಾಡಬೇಕಾಯಿತು. ಒಂದು ಕಡೆ ಬಿಚ್ಚು, ಒಂದು ಕಡೆ ಮುಚ್ಚು. ಹೇಳುವವರು ಮಾತ್ರ ಯಾವಾಗಲೂ ಸಮವಸ್ತ್ರದವರೇ, ಹೇಳಿಸಿಕೊಳ್ಳುವವರು ಹೆಂಗಸರೇ. ಈಗ ಸಮವಸ್ತ್ರದಲ್ಲಿ ನೀನಿದ್ದೀ. ಅದು ಸಣ್ಣ ವ್ಯತ್ಯಾಸವಲ್ಲ ಅಂತ ನನ್ನ ಆಸೆ.

ನಾಳೆ ದಂಡೆಗೆ ಹೋದಾಗ ಮಹಿಳಾ ಪೇದೆಯೊಬ್ಬಳನ್ನು ಕರೆದುಕೊಂಡು ಹೋಗು. ಹತ್ತಿಪ್ಪತ್ತು ಮಾರು ದೂರದಲ್ಲಿ ನಿಂತು ಕೆಮ್ಮು, ಆಮೇಲೆ ಹತ್ತಿರ ಹೋಗು. ಯಾರ ಕೈಯಲ್ಲೂ ಮೊಬೈಲು ಇರಬಾರದು, ನಿಮ್ಮವರ ಕೈಯಲ್ಲಂತೂ ಇರಲೇಬಾರದು, ಸಾಕ್ಷಿಗೆ ಅಂತ ತೆಗೆದ ಫೋಟೋ ಸಂಜೆಗೆ ಯಾವ ಗುಂಪಿನಲ್ಲಿರುತ್ತದೆ ಅಂತ ನನಗೆ ಗೊತ್ತು. ಬಟ್ಟೆ ಹಾಕಿಕೊಳ್ಳಿ, ಇಲ್ಲಿ ಹೀಗೆ ನಡೆಯುವುದಿಲ್ಲ ಅಂತ ಒಂದು ಸಲ ಸಮಾಧಾನದಿಂದ ಹೇಳು. ನೂರರಲ್ಲಿ ತೊಂಬತ್ತೈದು ಜನ ಸಾರಿ ಹೇಳಿ ಹಾಕಿಕೊಳ್ಳುತ್ತಾರೆ. ಒಪ್ಪದಿದ್ದರೆ ಹೆಸರು ಬರೆದುಕೋ, ವಿದೇಶಿಯರಾದರೆ ಹೋಮ್‌ಸ್ಟೇಯವನ ಬಳಿ ಅವರ ನೋಂದಣಿಯ ಫಾರಂ ತರಿಸಿ ನೋಡು, ಕೇಸು ಬೇಕೇ ಬೇಕಾದರೆ ಬಂಧನದ ಬದಲು ಬಿಎನ್‌ಎಸ್‌ಎಸ್ 35(3)ರ ನೋಟಿಸು ಕೊಡು. ಮೂರು ತಿಂಗಳ ಕಲಮಿಗೆ ಕೈಕೋಳದ ಮೆರವಣಿಗೆ ಬೇಡ. ಹಾಕಿಕೊಂಡರೂ, ಹಾಕಿಕೊಳ್ಳದಿದ್ದರೂ, ದೇಶಿಯಾಗಲಿ ವಿದೇಶಿಯಾಗಲಿ, ಪ್ರತಿಯೊಂದನ್ನೂ ಸ್ಟೇಷನ್ ಡೈರಿಯಲ್ಲಿ ಬರೆ: ಹೊತ್ತು, ಜಾಗ, ದೂರು ಕೊಟ್ಟವರು, ಏನು ಹೇಳಿದೆ, ಅವರೇನು ಮಾಡಿದರು. ಆರು ತಿಂಗಳಾದ ಮೇಲೆ ಒಂದು ಸಂಜೆ ಒಬ್ಬಳೇ ಕೂತು ಆ ಪುಟಗಳನ್ನು ತಿರುವಿ ಹಾಕು. ಯಾರನ್ನು ಬಿಟ್ಟೆ, ಯಾರನ್ನು ಹಿಡಿದೆ ಎಂಬುದು ನಿನ್ನ ಕೈಬರಹದಲ್ಲೇ ಇರುತ್ತದೆ. ನನ್ನ ಹಾಗೆ ಮೂವತ್ತು ವರ್ಷ ಕಾಯಬೇಕಾಗಿಲ್ಲ.

ಮೇಲಿನವರು ಆಕ್ಷನ್ ಏನಾಯಿತು ಅಂತ ಮತ್ತೆ ಫೋನ್ ಮಾಡುತ್ತಾರೆ. ಡೈರಿಯ ಪುಟದ ಸಂಖ್ಯೆ ಹೇಳು. ಆ ನಂತರವೂ ಒತ್ತಾಯ ಮಾಡಿದರೆ, ವಿಡಿಯೋ ಹಂಚಿದವರ ಪಟ್ಟಿಯೂ ತಯಾರಿದೆ ಸಾರ್, ಅದರಲ್ಲಿ ನಮ್ಮ ಮುಖಂಡರ ನಂಬರೂ ಇದೆ, ಎರಡನ್ನೂ ಒಟ್ಟಿಗೆ ಹಾಕಲೇ ಅಂತ ವಿನಯದಿಂದ ಕೇಳಿ ನೋಡು. ಫೋನು ಬೇಗ ಮುಗಿಯುತ್ತದೆ.

ನಾಳೆಯ ಕುಮಟೆ ಬಸ್ಸಿನಲ್ಲಿ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ, ಕಂಡಕ್ಟರ್ ಪರಿಚಯದವನು. ನಿನ್ನ ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ಜಾಡಿ ಒಡೆಯಬಾರದೆಂದು ಸುತ್ತ ಆರು ಪಂಜೆ ಸುತ್ತಿದ್ದೇನೆ, ಎಲ್ಲ ಹೊಸವು, ಅಗಲ ಅಂಚಿನವು. ಅವು ನಿನ್ನ ಜೀಪಿನ ಹಿಂದಿನ ಸೀಟಿನಡಿ ಇಡಲಿಕ್ಕೆ. ಎಣ್ಣೆ ತಾಗಿದ್ದರೆ ಒಂದು ಸಲ ಬಿಸಿನೀರಲ್ಲಿ ಸೋಪು ಹಾಕಿ ಒಗೆಸಿಕೋ.

ನಿನ್ನ ಮಾವ